ತಂದೆಯ ಕೆಲಸದ ಬಳಿಗೆ ಬಂದ ಮಗುವು

(ಓದತಕ್ಕ ವೇದಭಾಗ: ಅರಸುಗಳ ಎರಡನೆಯ ಪುಸ್ತಕ, ೪ನೆಯ ಅಧ್ಯಾಯ, ೧೮ನೆಯ ವಚನದಿಂದ ೩೭ನೆಯ ವಚನದ ವರೆಗೆ.)



ಶೂನೇಮೆಂಬ ಊರಿನ ಸ್ತ್ರೀಯ ಚರಿತ್ರವನ್ನು ನಾವೆಲ್ಲರೂ ಬಲ್ಲೆವು. ದೇವರ ಮನುಷ್ಯನಾದ ಎಲೀಷನಿಗೋಸ್ಕರ ಮಾಳಿಗೆಯ ಮೇಲೆ ಚಿಕ್ಕ ಕೋಣೆಯನ್ನು ಕಟ್ಟಿಸಿ, ಅದರಲ್ಲಿ ಮಂಚವನ್ನೂ ಮೇಜನ್ನೂ ದೀಪವನ್ನೂ ಇಡಿಸಿದವಳು ಆಕೆಯೇ. ಮಕ್ಕಳಿಲ್ಲದ ಆಕೆಗೆ ದೇವರು ಒಬ್ಬ ಮಗನನ್ನು ದಯಪಾಲಿಸಿದನು. ಆ ಮಗನು ಸತ್ತದ್ದನ್ನೂ ತಿರಿಗಿ ಬದುಕಿದ್ದನ್ನೂ ಕುರಿತು ಅನೇಕ ಪ್ರಸಂಗಗಳನ್ನು ಕೇಳಿದ್ದೇವೆ. ಆದರೆ ಅವನು ಎಲ್ಲಿ ಅಸ್ವಸ್ಥನಾದನೆಂಬದನ್ನು ನಾವು ಓದಿ ದಾಟಿಬಿಡುತ್ತೇವೆ. ಅವನು ಮನೆಯಲ್ಲಿ ಬೇನೆ ಬಿದ್ದವನಲ್ಲ. ಸುಗ್ಗಿಯ ಕಾಲದಲ್ಲಿ, ಕೊಯ್ಯುವವರ ಮಧ್ಯದಲ್ಲಿದ್ದ ತನ್ನ ತಂದೆಯ ಬಳಿಗೆ ಹೊಲಕ್ಕೆ ಹೋಗಿದ್ದನು. ಅಲ್ಲಿ ತಲೆನೋವಿನಿಂದ ಕೂಗಿಕೊಂಡನು. ತಂದೆಯು ಒಬ್ಬ ಆಳನ್ನು ಕರೆದು, ಇವನನ್ನು ತಾಯಿಯ ಹತ್ತರ ಎತ್ತಿಕೊಂಡು ಹೋಗೆಂದು ಅಪ್ಪಣೆ ಮಾಡಿದನು. ಹುಡುಗನು ಮಧ್ಯಾಹ್ನದ ವರೆಗೆ ತಾಯಿಯ ತೊಡೆಯ ಮೇಲಿದ್ದು ಪ್ರಾಣ ಬಿಟ್ಟನು.

ತಂದೆಯ ಕೆಲಸದ ಬಳಿಗೆ ಹೋದ ಮಗುವನ್ನು ಸತ್ಯವೇದವು ಹೀಗೆ ನಮ್ಮ ಮುಂದೆ ಇಡುತ್ತದೆ. ಆ ತಂದೆಯು ಕ್ರೂರನೆಂದು ವೇದವು ಎಲ್ಲಿಯೂ ಹೇಳುವದಿಲ್ಲ. ಕೊಯ್ಲು ನಿಂತಿತ್ತು, ಆಳುಗಳು ಕಾದಿದ್ದರು, ಕೆಲಸವು ಅವಸರದ್ದಾಗಿತ್ತು. ನಮ್ಮಲ್ಲಿ ಯಾರು ಹಾಗೆ ಮಾಡಿಲ್ಲ? ಆದದರಿಂದ ಅವನಿಗೆ ತೀರ್ಪು ಹೇಳುವದಕ್ಕಲ್ಲ, ನಮ್ಮನ್ನು ನಾವೇ ಶೋಧಿಸಿಕೊಳ್ಳುವದಕ್ಕಾಗಿ ಈ ಭಾಗವನ್ನು ತಕ್ಕೊಳ್ಳೋಣ.

ಯಾಕಂದರೆ ಈ ಮಗುವು ನಮ್ಮ ಸೀಮೆಯಲ್ಲಿ ದಿನಾಲು ಕಾಣುವ ಮಗುವೇ. ಬೈಲಹೊಂಗಲದ ಎರೆಹೊಲಗಳಲ್ಲಿ ಹತ್ತಿ ಬಿಡಿಸುವದಕ್ಕೂ ಸದೆ ತೆಗೆಯುವದಕ್ಕೂ ಹೋಗುವ ತಾಯಂದಿರು ಬದುವಿನ ಬೇವಿನ ಗಿಡಕ್ಕೆ ಹಳೇ ಸೀರೆಯ ಜೋಲಿಯನ್ನು ಕಟ್ಟಿ ಕೂಸನ್ನು ಅದರಲ್ಲಿ ಮಲಗಿಸುತ್ತಾರೆ. ರಾಮದುರ್ಗ, ಸುರೇಬಾನಗಳ ನೇಕಾರರ ಮನೆಗಳಲ್ಲಿ ತಂದೆಯು ಕುಣಿಮಗ್ಗದಲ್ಲಿ ಕೂತಿದ್ದರೆ ಮಗುವು ಮಗ್ಗದ ಬದಿಯಲ್ಲಿಯೇ ತೆವಳುತ್ತಾ, ಲಾಳಿಯ ಸಪ್ಪಳವನ್ನು ಜೋಗುಳದಂತೆ ಕೇಳುತ್ತಾ ಬೆಳೆಯುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಗೆ ಬಳೆಯನ್ನೂ ಕಾಯಿಯನ್ನೂ ಮಾರುವದಕ್ಕೆ ಕೂತ ಹೆಂಗಸರ ಮಡಿಲಲ್ಲಿ ಕೂಸುಗಳಿರುತ್ತವೆ. ಕಿತ್ತೂರಿನ ಬಳಿಯಲ್ಲಿ ಹೆದ್ದಾರಿಯ ಮಗ್ಗುಲಿನ ಚಹಾದಂಗಡಿಗಳಲ್ಲಿ ಒಲೆಯ ಹಿಂದೆ ಗೋಣಿಯ ಮೇಲೆ ಮಲಗಿದ ಮಗುವನ್ನು ಕಾಣದವರಾರು?

ದೂರದ ದೇಶಗಳಲ್ಲಿ ಇದು ವರುಷಕ್ಕೆ ಒಂದು ದಿನದ ಹಬ್ಬವಾಗಿದೆ. ಅಮೇರಿಕದಲ್ಲಿ ೧೯೯೩ನೆಯ ಇಸವಿಯಿಂದ ಹೆಣ್ಣುಮಕ್ಕಳನ್ನು ತಂದೆತಾಯಿಗಳು ತಮ್ಮ ಕೆಲಸದ ಸ್ಥಳಕ್ಕೆ ಕರಕೊಂಡು ಹೋಗುವ ಒಂದು ದಿನವನ್ನು ಏರ್ಪಡಿಸಿದರು. ೨೦೦೩ರಿಂದ ಗಂಡುಮಕ್ಕಳನ್ನೂ ಅದಕ್ಕೆ ಸೇರಿಸಿದರು. ಮಕ್ಕಳು ದೊಡ್ಡವರ ಉದ್ಯೋಗಗಳನ್ನು ಕಂಡು ಉತ್ಸಾಹಗೊಳ್ಳಲಿ ಎಂಬದೇ ಅದರ ಉದ್ದೇಶ. ೨೦೧೮ನೆಯ ಸೆಪ್ಟೆಂಬರಿನಲ್ಲಿ ನ್ಯೂಜೀಲೆಂಡಿನ ಆಗಿನ ಪ್ರಧಾನ ಮಂತ್ರಿಣಿ ಜಸಿಂಡಾ ಆರ್ಡರ್ನ್ ಎಂಬಾಕೆಯು ತನ್ನ ಮೂರು ತಿಂಗಳ ಕೂಸನ್ನು ಕರಕೊಂಡು ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ ಲೋಕದ ಪತ್ರಿಕೆಗಳು ಅದನ್ನು ಮೆಚ್ಚಿ ಬರೆದವು. ನಾವೂ ಮೆಚ್ಚುತ್ತೇವೆ. ಆದರೆ ನಮ್ಮ ಹಳ್ಳಿಯ ತಾಯಿಯು ಹಬ್ಬಕ್ಕೋಸ್ಕರ ಕೂಸನ್ನು ಕರಕೊಂಡು ಹೋಗುವವಳಲ್ಲ. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದಲೂ, ಆ ದಿನದ ಕೂಲಿ ತಪ್ಪಿದರೆ ಸಂಜೆಯ ರೊಟ್ಟಿಯು ತಪ್ಪುವದರಿಂದಲೂ ಕರಕೊಂಡು ಹೋಗುತ್ತಾಳೆ.

ಹೀಗಿರಲಾಗಿ, ನಮ್ಮ ಕೆಲಸದ ಬಳಿಗೆ ಬಂದ ಮಗುವಿನ ವಿಷಯದಲ್ಲಿ ಮೂರು ಮಾತುಗಳನ್ನು ಧ್ಯಾನಿಸೋಣ.

ಒಂದನೆಯದು: ಆ ಮಗುವಿಗೆ ನೆರಳು ಬೇಕು.

ಶೂನೇಮಿನ ಹುಡುಗನಿಗೆ ಹೊಲದಲ್ಲಿ ತಲೆ ನೊಂದಿತು. ಸುಗ್ಗಿಯ ಬಿಸಿಲಿನ ದೆಸೆಯಿಂದ ಆಗಿರಬಹುದೆಂದು ವೇದಪಂಡಿತರು ಅನೇಕರು ಊಹಿಸುತ್ತಾರೆ. ಆ ಹೊಲದಲ್ಲಿ ಕೊಯ್ಯುವದಕ್ಕೆ ಜನರಿದ್ದರು, ಹೊರುವದಕ್ಕೆ ಆಳುಗಳಿದ್ದರು, ಆದರೆ ಮಗುವನ್ನು ನೋಡುವದಕ್ಕೆ ನೇಮಿಸಲ್ಪಟ್ಟವರು ಯಾರೂ ಇದ್ದಂತೆ ಕಾಣುವದಿಲ್ಲ. ಇಂದಿಗೂ ಹಾಗೆಯೇ ಅಲ್ಲವೇ? ಬಿಸಿಲು ಒಂದೇ ಅಲ್ಲ. ಹತ್ತಿಗೆ ಹೊಡೆಯುವ ಔಷಧದ ಡಬ್ಬಿಯು ಬದುವಿನ ಮೇಲೆ ಬಿದ್ದಿರುತ್ತದೆ. ಹೊಲಹೊಲಕ್ಕೆ ತೋಡಿದ ಕೃಷಿಹೊಂಡಗಳಲ್ಲಿ ಅನೇಕವುಗಳಿಗೆ ಬೇಲಿಯಿಲ್ಲ. ಕಬ್ಬಿನ ಸಾಲಿನಲ್ಲಿ ಹಾವು ಇರುತ್ತದೆ. ಮೂರು ವರುಷ ತುಂಬಿದ ಮಕ್ಕಳಿಗೆ ಅಂಗನವಾಡಿಯಲ್ಲಿ ಆಟಪಾಠವುಂಟು. ಅದಕ್ಕಿಂತ ಚಿಕ್ಕದು ತಾಯಿಯ ಸೊಂಟದ ಮೇಲೆಯೇ ಹೊಲಕ್ಕೆ ಹೋಗಬೇಕು.

ಲೋಕದ ಅಧಿಕಾರಿಗಳು ಸಹ ಇದನ್ನು ಗ್ರಹಿಸಿದ್ದಾರೆ. ೧೯೪೮ನೆಯ ಇಸವಿಯ ಕಾರ್ಖಾನೆ ಕಾಯಿದೆಯು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಎಳೆಯ ಮಕ್ಕಳಿಗೆ ಕೋಣೆಯೊಂದು ಇರಬೇಕೆಂದು ವಿಧಿಸಿತು; ೧೯೭೬ರಲ್ಲಿ ಆ ಐವತ್ತನ್ನು ಮೂವತ್ತಕ್ಕೆ ಇಳಿಸಿದರು. ೨೦೦೫ನೆಯ ಇಸವಿಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯಲ್ಲಿ ಇನ್ನೂ ಒಳ್ಳೇ ಮಾತು ಬರೆಯಲ್ಪಟ್ಟಿತು: ಕೆಲಸದ ಸ್ಥಳಕ್ಕೆ ಆರು ವರುಷಕ್ಕೆ ಕಡಿಮೆಯಾದ ಐದು ಮಕ್ಕಳಾಗಲಿ ಹೆಚ್ಚಾಗಲಿ ತಾಯಂದಿರ ಸಂಗಡ ಬಂದರೆ, ಆ ಹೆಂಗಸರಲ್ಲಿಯೇ ಒಬ್ಬಳನ್ನು ಮಕ್ಕಳನ್ನು ನೋಡುವದಕ್ಕೆ ನೇಮಿಸಿ ಆಕೆಗೂ ಕೂಲಿಯನ್ನು ಕೊಡಬೇಕು, ಮಕ್ಕಳಿಗೆ ನೆರಳೂ ಕುಡಿಯುವ ನೀರೂ ಇರಬೇಕು. ನಮ್ಮ ರಾಜ್ಯದ ಸರಕಾರವು ೨೦೨೩ರಲ್ಲಿ ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವೆವೆಂದು ಪ್ರಕಟಿಸಿತು. ಇವೆಲ್ಲಾ ಒಳ್ಳೇವೇ. ಆದರೆ ಖಾಸಗಿ ಹೊಲದಲ್ಲಿ ಕೂಲಿ ಮಾಡುವ ತಾಯಿಗೆ ಕಾರ್ಖಾನೆಯ ಕೋಣೆ ಎಲ್ಲಿಂದ ಬಂದೀತು?

ಇಲ್ಲಿ ಕರ್ತನ ಸಭೆಯು ಎದ್ದು ನಿಲ್ಲಬೇಕು. ಮಾರ್ಕನು ಬರೆದ ಸುವಾರ್ತೆಯ ೧೦ನೆಯ ಅಧ್ಯಾಯವನ್ನು ಜ್ಞಾಪಕಕ್ಕೆ ತಂದುಕೊಳ್ಳಿರಿ. ಯೇಸು ಸ್ವಾಮಿಯು ಉಪದೇಶದ ಕೆಲಸದಲ್ಲಿದ್ದಾಗ ಜನರು ಚಿಕ್ಕ ಮಕ್ಕಳನ್ನು ಆತನ ಬಳಿಗೆ ತಂದರು. ಶಿಷ್ಯರಿಗೆ ಅದು ಕೆಲಸಕ್ಕೆ ಅಡ್ಡಿಯೆಂದು ತೋರಿತು, ತಂದವರನ್ನು ಗದರಿಸಿದರು. ಕರ್ತನು ಕೋಪಗೊಂಡದ್ದು ಮಕ್ಕಳ ಮೇಲಲ್ಲ, ಶಿಷ್ಯರ ಮೇಲೆ. ಆತನು ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದನು. ನಮ್ಮ ಹಳ್ಳಿಯ ದೇವಾಲಯಗಳ ಪಡಸಾಲೆಯು ಆದಿತ್ಯವಾರ ತೆರೆದು ಆರು ದಿವಸ ಬೀಗ ಹಾಕಿರುತ್ತದೆ. ಅಲ್ಲಿ ನೆರಳುಂಟು, ನೀರಿನ ಹಂಡೆಯುಂಟು. ಸುಗ್ಗಿಯ ದಿವಸಗಳಲ್ಲಿಯಾದರೂ ಆ ಬೀಗವನ್ನು ತೆಗೆಯಬಾರದೋ? ವಯಸ್ಸಾದ ಒಬ್ಬ ಸಹೋದರಿಯನ್ನು ನೇಮಿಸಿ, ಪ್ರತಿ ಮನೆಯವರು ಸ್ವಲ್ಪ ಸ್ವಲ್ಪ ಕೂಡಿಸಿ ಆಕೆಗೆ ಕೂಲಿಯನ್ನು ಕೊಟ್ಟರೆ, ಕ್ರೈಸ್ತರ ಮಕ್ಕಳಿಗೆ ಮಾತ್ರವಲ್ಲ, ಓಣಿಯ ಎಲ್ಲಾ ಕೂಸುಗಳಿಗೂ ತಂಪಾದೀತು. ಹೊಲದ ಒಡೆಯರಾದ ಸಹೋದರರು ಔಷಧದ ಡಬ್ಬಿಯನ್ನು ಎತ್ತಿಡಲಿ, ಹೊಂಡಕ್ಕೆ ಮುಳ್ಳಿನ ಬೇಲಿಯನ್ನಾದರೂ ಹಾಕಲಿ. ಮತ್ತೊಂದು ಎಚ್ಚರಿಕೆ: ಮಗುವನ್ನು ಸಂಗಡ ಕರಕೊಂಡು ಹೋಗುವದು ಬೇರೆ, ಅದನ್ನು ಕೂಲಿಗೆ ಹಚ್ಚುವದು ಬೇರೆ. ಹದಿನಾಲ್ಕು ವರುಷ ತುಂಬದವರನ್ನು ಕೂಲಿಗೆ ಇಡಬಾರದೆಂದು ೨೦೧೬ನೆಯ ಇಸವಿಯ ತಿದ್ದುಪಡಿಯು ನಿಷೇಧಿಸಿತು. ಸಾಲೆಗೆ ಹೋಗತಕ್ಕ ಮಗುವಿನ ಸ್ಥಳವು ಸಾಲೆಯೇ.

ಎರಡನೆಯದು: ಆ ಮಗುವಿಗೆ ಕಣ್ಣುಗಳುಂಟು.

ಸಮುವೇಲನ ಮೊದಲನೆಯ ಪುಸ್ತಕದಲ್ಲಿ ತಂದೆಯ ಕೆಲಸದ ಸ್ಥಳದಲ್ಲಿ ಬೆಳೆದ ಮಕ್ಕಳ ಸಂಗತಿಯು ಬಹಳವಾಗಿ ಬರೆಯಲ್ಪಟ್ಟಿದೆ. ಯಾಜಕನಾದ ಏಲಿಯು ಶೀಲೋವಿನ ಮಂದಿರದಲ್ಲಿ ಸೇವೆ ಮಾಡುತ್ತಿದ್ದನು. ಅವನ ಮಕ್ಕಳಾದ ಹೊಫ್ನಿ, ಫೀನೆಹಾಸರು ಆ ಮಂದಿರದ ನೆರಳಿನಲ್ಲಿಯೇ ದೊಡ್ಡವರಾದರು. ಹನ್ನಳು ಮೊಲೆಬಿಡಿಸಿ ತಂದು ಒಪ್ಪಿಸಿದ ಸಮುವೇಲನೂ ಅಲ್ಲಿಯೇ ಬೆಳೆದನು. ಸ್ಥಳವು ಒಂದೇ, ದೀಪವು ಒಂದೇ, ಕೇಳಿದ ಧರ್ಮಶಾಸ್ತ್ರವು ಒಂದೇ. ಆದರೂ ಏಲಿಯ ಮಕ್ಕಳ ಕಾಲದಲ್ಲಿ ಮುಮ್ಮೊನೆಯ ಮುಳ್ಳನ್ನು ಹಿಡಿದ ಆಳು ಬಡವರ ಬಲಿಯ ಪಾತ್ರೆಯಿಂದ ಮಾಂಸವನ್ನು ಕಿತ್ತುಕೊಳ್ಳುತ್ತಿದ್ದನು. ಏಲಿಯು ಬಾಯಿಂದ ಬುದ್ಧಿ ಹೇಳಿದನು, ಆದರೆ ತಡೆಯಲಿಲ್ಲ. ದೇವರಿಗಿಂತ ಮಕ್ಕಳನ್ನು ಹೆಚ್ಚು ಸನ್ಮಾನಿಸಿದನೆಂಬ ಅಪರಾಧವು ಅವನ ಮೇಲೆ ಬಂತು. ಸಮುವೇಲನಾದರೋ ದೇವರ ದೀಪದ ಬಳಿಯಲ್ಲಿ ಮಲಗಿಕೊಂಡು, ಕರೆಯುವ ಸ್ವರಕ್ಕೆ ಏಳುವದನ್ನು ಕಲಿತನು. ಆದರೆ ಆ ಸಮುವೇಲನ ಮಕ್ಕಳೇ ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಲಂಚ ತಿಂದರೆಂದು ಎಂಟನೆಯ ಅಧ್ಯಾಯದಲ್ಲಿ ಓದುತ್ತೇವೆ. ಇದರಿಂದ ಕಲಿಯತಕ್ಕದ್ದೇನಂದರೆ, ಪರಿಶುದ್ಧ ಸ್ಥಳದಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಪರಿಶುದ್ಧತೆಯು ತಾನಾಗಿ ಬರುವದಿಲ್ಲ.

ಈ ಮಾತನ್ನು ಬೇರೆಯವರಿಗೆ ಹೇಳುವದಕ್ಕೆ ಮುಂಚೆ ನಮಗೆ ಆದದ್ದನ್ನು ಮುಚ್ಚದೆ ಹೇಳಬೇಕಾಗಿದೆ. ಒಂದು ಬೇಸಿಗೆಯಲ್ಲಿ ನಮ್ಮ ಮನೆಯಾಕೆಯು ತನ್ನ ತಾಯಿಯ ಬೇನೆಯ ನಿಮಿತ್ತ ತವರೂರಿಗೆ ಹೋಗಿದ್ದಾಗ, ಐದು ವರುಷದ ನಮ್ಮ ಮಗಳನ್ನು ನೋಡುವವರಿಲ್ಲದೆ, ಸಭೆಯ ಬರವಣಿಗೆಯ ಕೆಲಸವನ್ನು ಮಾಡುವ ಕಛೇರಿಗೆ ನಾವು ಕರಕೊಂಡು ಹೋದೆವು. ಮುಂಜಾನೆ ಆಕೆಯು ಮೇಜಿನ ಮೇಲಿದ್ದ ದೊಡ್ಡ ಪುಸ್ತಕವನ್ನು ಮುಟ್ಟಲು ಬಂದಳು. ಅದು ದೀಕ್ಷಾಸ್ನಾನದ ದಾಖಲೆಯ ಪುಸ್ತಕವಾಗಿತ್ತು. ನಾವು ಆಕೆಯನ್ನು ತಡೆದು, ಇದು ಹೆಸರುಗಳ ಪುಸ್ತಕ, ಇದರಲ್ಲಿ ನಿನ್ನ ಹೆಸರೂ ಉಂಟು, ಇದನ್ನು ಬಹು ಜೋಪಾನವಾಗಿ ಇಡಬೇಕೆಂದು ಹೇಳಿಕೊಟ್ಟೆವು. ಮಗುವು ಕೈ ಹಿಂದೆಗೆದುಕೊಂಡು ನೆಲದ ಮೇಲೆ ಕೂತು ಹಳೇ ಕಾಗದಗಳಲ್ಲಿ ಗೀಚುತ್ತಿತ್ತು.

ಹನ್ನೊಂದು ಘಂಟೆಯ ಸುಮಾರಿಗೆ ದೂರದ ಹಳ್ಳಿಯ ಒಬ್ಬ ವಿಧವೆಯು ಬಂದಳು. ಸೊಂಟದ ಮೇಲೆ ಚಿಕ್ಕ ಕೂಸು ಇತ್ತು. ದೊಡ್ಡ ಮಗನನ್ನು ವಸತಿಸಾಲೆಗೆ ಸೇರಿಸುವದಕ್ಕೆ ಆತನ ದೀಕ್ಷಾಸ್ನಾನದ ಪತ್ರವು ಆಕೆಗೆ ಬೇಕಾಗಿತ್ತು. ಆಕೆಯು ಹಿಂದೆಯೇ ಕೇಳಿಕೊಂಡಿದ್ದಳು, ನಾವು ಬರೆದಿರಲಿಲ್ಲ. ಆ ದಿವಸ ಬೇರೆ ಲೆಕ್ಕದ ಕೆಲಸವು ನಮ್ಮ ಮುಂದೆ ಇತ್ತು. ಆದದರಿಂದ ನಾವು ತಲೆ ಎತ್ತದೆ, ಪುಸ್ತಕವು ಬೇರೆ ಊರಿಗೆ ಹೋಗಿದೆ, ಬರುವ ವಾರ ಬಾ ಎಂದೆವು. ಕೂಡಲೆ ನೆಲದ ಮೇಲಿದ್ದ ಮಗುವು ಎದ್ದು ನಿಂತು, ನಮಗೆ ಸಹಾಯ ಮಾಡುವೆನೆಂಬ ಸಂತೋಷದಿಂದ, "ಅಪ್ಪಾ, ಹೆಸರಿನ ಪುಸ್ತಕ ಇಲ್ಲೇ ಐತಲ್ಲಾ!" ಎಂದು ಬೆರಳು ತೋರಿಸಿತು.

ಆ ವಿಧವೆಯು ಏನೂ ಅನ್ನಲಿಲ್ಲ. ಪುಸ್ತಕವನ್ನು ನೋಡಿದಳು, ನಮ್ಮನ್ನು ನೋಡಿದಳು, ಆಮೇಲೆ ನೆಲವನ್ನು ನೋಡಿದಳು. ಆಕೆಯು ಕೋಪದ ಮಾತು ಆಡಿದ್ದರೆ ನಮಗೆ ಸುಲಭವಾಗುತ್ತಿತ್ತು. ನಾವು ಪುಸ್ತಕವನ್ನು ತೆರೆದೆವು. ಹೆಸರನ್ನು ಹುಡುಕಿ ಪತ್ರವನ್ನು ಬರೆದು ಅಯ್ಯನವರ ರುಜುವನ್ನು ಹಾಕಿಸಿ ಕೊಡುವದಕ್ಕೆ ಕಾಲು ಘಂಟೆಯೂ ಹಿಡಿಯಲಿಲ್ಲ. ಆ ಕಾಲು ಘಂಟೆಯಲ್ಲಿ ನಮ್ಮ ಮಗಳು ತನ್ನ ಬುತ್ತಿಯ ಶೇಂಗಾದ ಉಂಡೆಯನ್ನು ಮುರಿದು ಆ ಕೂಸಿಗೆ ತಿನ್ನಿಸುತ್ತಿದ್ದಳು. ಇದಕ್ಕೋಸ್ಕರ ಎಷ್ಟು ಸಾರಿ ಬಂದೆಯೆಂದು ಕೇಳಿದ್ದಕ್ಕೆ ವಿಧವೆಯು, ಇದು ಮೂರನೆಯ ಸಾರಿ ಎಂದಳು. ಮೂರು ದಿವಸದ ಕೂಲಿ, ಮೂರು ದಿವಸ ಆ ಕೂಸಿಗೆ ಬಿಸಿಲು. ನಾವು ಆಕೆಯ ಕ್ಷಮೆ ಬೇಡಿಕೊಂಡೆವು. ಆಕೆಯು, "ಇರಲಿ ಬಿಡ್ರಿ ಅಯ್ಯಾರ, ಕೆಲಸ ಆತಲ್ಲಾ" ಅಂದು ಕೂಸನ್ನು ಎತ್ತಿಕೊಂಡು ಹೋದಳು.

ಸಂಜೆ ಮನೆಗೆ ನಡೆಯುತ್ತಾ ನಮ್ಮ ಮಗಳು, "ನಾಳೆನೂ ನಿನ್ನ ಜೋಡಿ ಬರ್ಲೇನಪ್ಪಾ?" ಎಂದು ಕೇಳಿದಳು. ಪ್ರಿಯರೇ, ಆ ಚಿಕ್ಕ ಪ್ರಶ್ನೆಗೆ ಉತ್ತರವನ್ನು ಕೂಡಲೆ ಕೊಡಲು ನಮಗೆ ಬಾಯಿ ಬರಲಿಲ್ಲ. ಇಪ್ಪತ್ತು ವರುಷ ಜನರ ಮುಂದೆ ನಿಂತು ಸತ್ಯವನ್ನು ಸಾರಿದ ಬಾಯಿಗೆ, ಐದು ವರುಷದ ಮಗುವಿನ ಮುಂದೆ ಒಂದು ದಿನ ಸತ್ಯವಾಗಿರುವದು ಭಯವಾಗಿ ತೋರಿತು. ಆ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ನಾವು ಮಗುವಿನ ಕೇಳಿಕೆಯಲ್ಲಿಯೇ ನಮ್ಮ ಸುಳ್ಳನ್ನು ಸುಳ್ಳೆಂದು ದೇವರಿಗೆ ಅರಿಕೆಮಾಡಿದೆವು. ಆಮೇಲೆಯೇ, ನಾಳೆ ಬಾ ಎಂದು ಹೇಳುವದಕ್ಕೆ ನಮಗೆ ಧೈರ್ಯ ಬಂತು.

ಸಹೋದರರೇ, ನಮ್ಮ ಮಕ್ಕಳು ಮನೆಯಲ್ಲಿ ನಮ್ಮ ಪ್ರಾರ್ಥನೆಯನ್ನು ಕೇಳುತ್ತಾರೆ. ಕೆಲಸದ ಸ್ಥಳದಲ್ಲಿ ಆ ಪ್ರಾರ್ಥನೆಯು ನಿಜವೋ ಅಲ್ಲವೋ ಎಂದು ನೋಡುತ್ತಾರೆ. ಅಂಗಡಿಕಾರನೇ, ತಕ್ಕಡಿಯ ಕೆಳಗೆ ನಿನ್ನ ಬೆರಳು ಇರುವದನ್ನು ಕಾಣುವಷ್ಟು ಎತ್ತರಕ್ಕೆ ಮಗುವಿನ ಕಣ್ಣು ಸರಿಯಾಗಿ ಇರುತ್ತದೆ. ಹೊಲದ ಒಡೆಯನೇ, ಸಂಜೆ ಕೂಲಿಯನ್ನು ಎಣಿಸಿ ಕೊಡುವಾಗ ಹತ್ತು ರೂಪಾಯಿ ಮುರಿದುಕೊಂಡದ್ದನ್ನು ಅದು ಎಣಿಸಿದೆ. ಸಾಲೆಯ ಮಾಸ್ತರನೇ, ಪಂಚಾಯಿತಿಯ ಬರವಣಿಗೆಗಾರನೇ, ಬಡವನಿಗೆ ಒಂದು ದನಿಯೂ ಧಣಿಗೆ ಒಂದು ದನಿಯೂ ನಿನ್ನ ಬಾಯಲ್ಲಿರುವದನ್ನು ಅದು ಕೇಳಿದೆ. ಅದು ದೊಡ್ಡದಾದ ಮೇಲೆ ನಮ್ಮ ಉಪದೇಶವನ್ನು ಮರೆತೀತು, ಕಂಡದ್ದನ್ನು ಮರೆಯಲಾರದು.

ಮೂರನೆಯದು: ಕೆಲಸದ ದಿವಸವೂ ಕರ್ತನ ದಿವಸವೇ.

ಮಗನು ಸತ್ತ ಮೇಲೆ ಶೂನೇಮಿನ ತಾಯಿಯು ದೇವರ ಮನುಷ್ಯನ ಬಳಿಗೆ ಹೋಗುವದಕ್ಕೆ ಕತ್ತೆಯನ್ನು ಕೇಳಿದಾಗ, ಅವಳ ಗಂಡನು, ಈಹೊತ್ತು ಅಮಾವಾಸ್ಯೆಯೂ ಅಲ್ಲ, ಸಬ್ಬತ್ತೂ ಅಲ್ಲ, ಯಾಕೆ ಹೋಗುತ್ತೀ ಎಂದು ಆಶ್ಚರ್ಯಪಟ್ಟನು. ಅವನ ಮನಸ್ಸಿನಲ್ಲಿ ದೇವರ ಮನುಷ್ಯನು ಹಬ್ಬದ ದಿವಸಕ್ಕೆ ಸೇರಿದವನು, ಕೊಯ್ಲಿನ ದಿವಸವು ಕೊಯ್ಲಿಗೆ ಸೇರಿದ್ದು. ನಮ್ಮ ಸಭೆಗಳ ದೊಡ್ಡ ರೋಗವು ಇದೇ. ಆದಿತ್ಯವಾರ ನಾವು ದೇವರ ಮಕ್ಕಳು. ಸೋಮವಾರ ಬೈಲಹೊಂಗಲದ ಪೇಟೆಯಲ್ಲಿ ಪೇಟೆಯ ಮಕ್ಕಳು. ಆ ತಾಯಿಯು ಹಾಗೆ ಎಣಿಸಲಿಲ್ಲ. ಸುಗ್ಗಿಯ ನಡುವೆ, ಕೆಲಸದ ದಿವಸದಲ್ಲಿಯೇ, ಕಾರ್ಮೆಲ್ ಬೆಟ್ಟದ ವರೆಗೂ ಹೋಗಿ ದೇವರ ಮನುಷ್ಯನ ಪಾದಗಳನ್ನು ಹಿಡಿದಳು. ಎಲೀಷನು ಮೊದಲು ತನ್ನ ಸೇವಕನ ಕೈಯಲ್ಲಿ ಕೋಲನ್ನು ಕೊಟ್ಟು ಕಳುಹಿಸಿದನು. ಕೋಲಿನಿಂದ ಮಗುವು ಏಳಲಿಲ್ಲ. ತಾನೇ ಬಂದು, ಬಾಗಿಲು ಮುಚ್ಚಿ ಪ್ರಾರ್ಥಿಸಿ, ಮಗುವಿನ ಮೇಲೆ ಬಾಗಿಕೊಂಡಾಗ ಅದರ ದೇಹವು ಬೆಚ್ಚಗಾಯಿತು. ಹುಡುಗನು ಏಳು ಸಾರಿ ಸೀನಿ ಕಣ್ಣು ತೆರೆದನು. ದೂರದಿಂದ ಕೋಲನ್ನು ಕಳುಹಿಸುವದರಿಂದ ಮಕ್ಕಳು ಬದುಕುವದಿಲ್ಲ. ನಾವೇ ಅವರ ಬಳಿಗೆ ಬಾಗಬೇಕು.

ನಮ್ಮ ಕರ್ತನಾದ ಯೇಸುವು ಸಹ ಕೆಲಸದ ಸ್ಥಳದಲ್ಲಿ ಬೆಳೆದ ಮಗುವೇ. ನಜರೇತಿನ ಜನರು ಆತನನ್ನು ಬಡಗಿಯೆಂದು ಗುರುತಿಸಿದರು. ಆ ಕೆಲಸವನ್ನು ಯೋಸೇಫನ ಬಳಿಯಲ್ಲಿಯೇ ಕಂಡು ಕಲಿತಿರಬೇಕು. ಹನ್ನೆರಡು ವರುಷದವನಾಗಿ ಯೆರೂಸಲೇಮಿನ ದೇವಾಲಯದಲ್ಲಿ ಉಳಿದಾಗ, ತನ್ನ ತಂದೆಗೆ ಸೇರಿದ್ದರಲ್ಲಿ ತಾನು ಇರಬೇಕಾದದ್ದು ತಿಳಿಯದೋ ಎಂದು ತಾಯಿಯನ್ನು ಕೇಳಿದನು; ಆದರೂ ತಿರಿಗಿ ಅವರ ಸಂಗಡ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನು. ಆತನಿಗೆ ದೇವಾಲಯವೂ ಬಡಗಿಯ ಸಾಲೆಯೂ ಒಬ್ಬನೇ ತಂದೆಯ ಕಣ್ಣಿನ ಕೆಳಗೆ ಇದ್ದವು. ನಾವೂ ನಮ್ಮ ಹೊಲದಲ್ಲಿ, ಮಗ್ಗದಲ್ಲಿ, ಅಂಗಡಿಯಲ್ಲಿ, ಕಛೇರಿಯಲ್ಲಿ ಆ ತಂದೆಯ ಸಂಗಡ ಬಂದ ಚಿಕ್ಕ ಮಕ್ಕಳೇ ಆಗಿದ್ದೇವೆ. ಮಗುವಿನ ಕಣ್ಣಿಗೆ ಹೆದರುವ ನಾವು ಆತನ ಕಣ್ಣನ್ನು ಮರೆತೆವೋ? ಅದನ್ನು ನಮಗೆ ಜ್ಞಾಪಕಪಡಿಸುವದಕ್ಕಾಗಿಯೇ ಆತನು ಆ ಚಿಕ್ಕ ಕಣ್ಣುಗಳನ್ನು ನಮ್ಮ ಮಗ್ಗುಲಲ್ಲಿ ಇಟ್ಟಿದ್ದಾನೆ.

ಆದದರಿಂದ ಪ್ರಿಯರೇ, ಈ ವಾರ ಪ್ರತಿಯೊಬ್ಬನು ತನ್ನನ್ನು ಒಂದು ಪ್ರಶ್ನೆ ಕೇಳಿಕೊಳ್ಳಲಿ: ನನ್ನ ಮಗುವು, ನಾಳೆ ನಿನ್ನ ಸಂಗಡ ಬರಲೋ ಎಂದು ಕೇಳಿದರೆ, ಬಾ ಎಂದು ಹೇಳುವಂಥದ್ದಾಗಿದೆಯೋ ನನ್ನ ಕೆಲಸ? ಹೇಳಲಾರದವನು ಮಗುವನ್ನು ಮನೆಯಲ್ಲಿ ಬಿಡುವದರಿಂದ ಪ್ರಯೋಜನವಿಲ್ಲ, ಕೆಲಸವನ್ನು ಸರಿಪಡಿಸಿಕೊಳ್ಳಲಿ. ಮತ್ತು ಸಭೆಯು ತನ್ನನ್ನು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲಿ: ಹೊಲಕ್ಕೆ ಹೊರಟ ತಾಯಿಯ ಸೊಂಟದ ಮೇಲಿರುವ ಕೂಸಿಗೆ ನಮ್ಮ ಪಡಸಾಲೆಯ ನೆರಳನ್ನು ಕೊಟ್ಟೆವೋ? ಈ ಎರಡು ಪ್ರಶ್ನೆಗಳಿಗೆ ಒಳ್ಳೇ ಉತ್ತರ ಕೊಡುವ ಕೃಪೆಯನ್ನು ಕರ್ತನು ನಮಗೆ ಅನುಗ್ರಹಿಸಲಿ.

ಪ್ರಾರ್ಥನೆ: ಪರಲೋಕದಲ್ಲಿರುವ ನಮ್ಮ ತಂದೆಯೇ, ಬಿಸಿಲಿನಲ್ಲಿ ತಾಯಂದಿರ ಸಂಗಡ ಇರುವ ಎಲ್ಲಾ ಕೂಸುಗಳನ್ನು ನಿನ್ನ ರೆಕ್ಕೆಯ ನೆರಳಿನಲ್ಲಿ ಕಾಪಾಡು. ಮಕ್ಕಳ ಮುಂದೆ ನಾವು ಆಡಿದ ಸುಳ್ಳನ್ನೂ ಮಾಡಿದ ಅನ್ಯಾಯವನ್ನೂ ಕ್ಷಮಿಸು. ನಮ್ಮ ಕೈಕೆಲಸವನ್ನು ಶುದ್ಧಮಾಡು. ನಮ್ಮ ಮಕ್ಕಳು ಅದನ್ನು ಕಂಡು ನಿನ್ನನ್ನು ಕಾಣುವಂತೆ ಮಾಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.